ಗಂಟಲಮಾರಿಯಿಂದ ಹುಳುಕು ಹಲ್ಲಿನವರೆಗೆ: ಬಾಯಿಯ ಬ್ಯಾಕ್ಟೀರಿಯಾಗಳಿಗೆ ತಗುಲುವ ವೈರಸ್ಸುಗಳು



ಗಂಟಲಮಾರಿ ಎಂಬ ಹೆಸರು ಕೇಳಿದರೆ ಬನಹಟ್ಟಿ-ರಬಕವಿ ಭಾಗದ ಹಿರಿಯರು ಇಂದಿಗೂ ಬೆಚ್ಚುತ್ತಾರೆ. ಮಗುವಿಗೆ ಜ್ವರ ಬರುತ್ತದೆ, ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಕುತ್ತಿಗೆ ಬಾತು ಉಸಿರಾಡುವುದೇ ಕಷ್ಟವಾಗುತ್ತದೆ. ವೈದ್ಯರು ಇದನ್ನು ಡಿಫ್ತೀರಿಯಾ ಎನ್ನುತ್ತಾರೆ. ಲಸಿಕೆ ಬಂದ ಮೇಲೆ ರೋಗ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದು ಮತ್ತೆ ಹಬ್ಬಿದ್ದನ್ನು ಬೆಳಗಾವಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರದ ವಿಜ್ಞಾನಿಗಳು 2014ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ದಾಖಲಿಸಿದ್ದಾರೆ.

ರೋಗ ತರುವುದು ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೆ ಎಂಬ ಬ್ಯಾಕ್ಟೀರಿಯಾ. ಅದು ಗಂಟಲಲ್ಲೇ ಕೂತು ಒಂದು ವಿಷವನ್ನು ಹೊರಬಿಡುತ್ತದೆ. ಆ ವಿಷ ರಕ್ತ ಸೇರಿ ಹೃದಯಕ್ಕೂ ನರಗಳಿಗೂ ಪೆಟ್ಟು ಕೊಡುತ್ತದೆ. ಇಷ್ಟನ್ನು ಪ್ಯಾರಿಸ್ಸಿನ ಎಮಿಲ್ ರೂ ಮತ್ತು ಅಲೆಕ್ಸಾಂದ್ರ್ ಯೆರ್ಸಿನ್ 1888ರ ಹೊತ್ತಿಗೇ ತೋರಿಸಿದ್ದರು. ಒಂದು ಒಗಟು ಮಾತ್ರ ಉಳಿದಿತ್ತು. ಕೆಲವರ ಗಂಟಲಲ್ಲಿ ಅದೇ ಬ್ಯಾಕ್ಟೀರಿಯಾ ಇದ್ದರೂ ಅವರಿಗೆ ಏನೂ ಆಗುತ್ತಿರಲಿಲ್ಲ. ನೋಡಲು ಒಂದೇ ಥರ, ಬೆಳೆಯುವುದೂ ಒಂದೇ ಥರ, ವಿಷ ಮಾತ್ರ ಇಲ್ಲ.

ಒಗಟು ಬಿಡಿಸಿದ್ದು ಅಮೆರಿಕದ ಸಿಯಾಟಲ್‌ನಲ್ಲಿದ್ದ ವಿಕ್ಟರ್ ಫ್ರೀಮನ್, 1951ರಲ್ಲಿ. ವಿಷವಿಲ್ಲದ ಬ್ಯಾಕ್ಟೀರಿಯಾಗಳಿಗೆ ಅವರು ಒಂದು ವೈರಸ್ ತಗುಲಿಸಿದರು. ಆ ವೈರಸ್ ಮನುಷ್ಯನನ್ನು ಮುಟ್ಟುವುದೇ ಇಲ್ಲ. ಅದು ಸೇರುವುದು ಬ್ಯಾಕ್ಟೀರಿಯಾದ ಮೈಯನ್ನು. ಸೋಂಕು ತಗುಲಿಯೂ ಬದುಕುಳಿದ ಬ್ಯಾಕ್ಟೀರಿಯಾಗಳು ವಿಷ ಉತ್ಪಾದಿಸತೊಡಗಿದವು. ವಿಷದ ವಂಶವಾಹಿ ಬ್ಯಾಕ್ಟೀರಿಯಾದ್ದಲ್ಲ, ವೈರಸ್ಸಿನದು ಎಂಬುದು ಮುಂದಿನ ವರ್ಷಗಳಲ್ಲಿ ಖಚಿತವಾಯಿತು. ತಲೆಮಾರುಗಳ ಕಾಲ ಮಕ್ಕಳ ಜೀವ ತೆಗೆದ ವಿಷವನ್ನು ಬ್ಯಾಕ್ಟೀರಿಯಾಕ್ಕೆ ತಂದುಕೊಟ್ಟದ್ದು ಬರಿಗಣ್ಣಿಗಿರಲಿ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಒಂದು ವೈರಸ್.

ಲಸಿಕೆಯ ವಿಷಯಕ್ಕೂ ಇದು ಸೇರುತ್ತದೆ. 1923ರಲ್ಲಿ ಫ್ರಾನ್ಸಿನ ಗಾಸ್ತಾಂ ರಾಮೋಂ ಈ ವಿಷವನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆಗೆ ದಾರಿ ಮಾಡಿದರು. ಇಂದು ಮಗುವಿಗೆ 6, 10, 14ನೇ ವಾರದಲ್ಲಿ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದು, 16ರಿಂದ 24ನೇ ತಿಂಗಳಿನ ಮತ್ತು 5-6ನೇ ವರ್ಷದ ಡಿಪಿಟಿ, 10 ಮತ್ತು 16ನೇ ವರ್ಷದ ಟಿಡಿ, ಇವುಗಳಲ್ಲಿನ ಡಿಫ್ತೀರಿಯಾ ಅಂಶ ದೇಹಕ್ಕೆ ಕಲಿಸುವುದು ಆ ವೈರಸ್ ಬರೆಸಿದ ವಿಷವನ್ನು ಗುರುತಿಸುವುದನ್ನೇ. ಗಂಟಲಮಾರಿ ಮರಳಿದ ಕಡೆಗಳಲ್ಲಿ ವೈದ್ಯರು ಮೊದಲು ಕೇಳುವುದು ದೊಡ್ಡ ಮಕ್ಕಳಿಗೆ ಕೊಡಬೇಕಾದ ಈ ಕೊನೆಯ ಡೋಸುಗಳು ಆಗಿವೆಯೇ ಎಂದು.

ಫೇಜ್‌ಗಳ ಎರಡು ಬಾಳು

ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗುಲಿಸುವ ಈ ವೈರಸ್ಸುಗಳಿಗೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು; ರೂಢಿಯಲ್ಲಿ ಫೇಜ್. ಬ್ಯಾಕ್ಟೀರಿಯಾದ ಅಳತೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಸಾಮಾನ್ಯ ಫೇಜ್‌ನ ತಲೆ ಅದರ ಹತ್ತನೆಯ ಇಲ್ಲವೇ ಇಪ್ಪತ್ತನೆಯ ಒಂದಂಶ. ತಲೆಯೊಳಗೆ ಡಿಎನ್‌ಎ, ಕೆಳಗೆ ಬಾಲ, ಬಾಲದ ತುದಿಗೆ ನಾರುಗಳು. ಬಾಲದ ನಾರು ತನಗೆ ಹೊಂದುವ ಬ್ಯಾಕ್ಟೀರಿಯಾದ ಹೊರಕವಚವನ್ನು ಹಿಡಿದರೆ ಮಾತ್ರ ಡಿಎನ್‌ಎ ಒಳಗೆ ಇಳಿಯುತ್ತದೆ. ಬೇರೆ ಜಾತಿಯ ಬ್ಯಾಕ್ಟೀರಿಯಾ ಪಕ್ಕದಲ್ಲೇ ಇದ್ದರೂ ಬಹುಪಾಲು ಫೇಜ್‌ಗಳು ಅದನ್ನು ಮುಟ್ಟವು.

ಒಳಗೆ ಇಳಿದ ಮೇಲೆ ಎರಡು ದಾರಿ. ಮೊದಲನೆಯದು ಸಂಹಾರದ್ದು. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಟಿ4 ಎಂಬ ಫೇಜ್ ಅರ್ಧ ತಾಸಿನೊಳಗೆ ನೂರಾರು ಮರಿಗಳಾಗಿ, ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತದೆ. ಎರಡನೆಯದು ಸಹವಾಸದ್ದು. ಫೇಜ್ ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಜೋಡಿಸಿ ಸುಮ್ಮನಾಗುತ್ತದೆ. ಹಾಸಿನ ಎಳೆಗಳ ನಡುವೆ ಬೇರೆ ಬಣ್ಣದ ಒಂದು ಎಳೆಯನ್ನು ಕೆಚ್ಚಿ ಬಿಟ್ಟರೆ ಮಗ್ಗದಿಂದ ಇಳಿಯುವ ಪ್ರತಿ ಸೀರೆಯಲ್ಲೂ ಆ ಎಳೆ ಓಡುತ್ತದೆಯಲ್ಲ, ಹಾಗೆಯೇ ಬ್ಯಾಕ್ಟೀರಿಯಾ ಇಬ್ಭಾಗವಾದಾಗಲೆಲ್ಲ ಫೇಜ್‌ನ ವಂಶವಾಹಿಯೂ ಮುಂದಿನ ಪೀಳಿಗೆಗೆ ಹೋಗುತ್ತದೆ. ಅಡಗಿ ಕೂತ ಈ ರೂಪವೇ ಪ್ರೊಫೇಜ್. ಬ್ಯಾಕ್ಟೀರಿಯಾಕ್ಕೆ ಪೆಟ್ಟು ಬಿದ್ದಾಗ, ಅಂದರೆ ನೇರಳಾತೀತ ಕಿರಣ, ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಕೆಲವು ಔಷಧಿಗಳು ಅದರ ಡಿಎನ್‌ಎಗೆ ಹಾನಿ ಮಾಡಿದಾಗ, ಪ್ರೊಫೇಜ್ ಎಚ್ಚೆತ್ತು ಸಂಹಾರದ ದಾರಿ ಹಿಡಿಯುತ್ತದೆ.

ಗಂಟಲಮಾರಿಯ ವೈರಸ್ ಎರಡನೆಯ ದಾರಿಯದು. ಬಾಯಲ್ಲಿ ಸಿಗುವ ಫೇಜ್‌ಗಳಲ್ಲಿಯೂ ದೊಡ್ಡ ಪಾಲು ಇಂಥ ಸಹವಾಸಿಗಳೇ. ಇದು ನೆನಪಿನಲ್ಲಿದ್ದರೆ ಮುಂದಿನ ವಿಷಯ ತಿಳಿಯುವುದು ಸುಲಭ. ಫೇಜ್ ಎಂದರೆ ಬ್ಯಾಕ್ಟೀರಿಯಾವನ್ನು ಕೊಂದು ಮನುಷ್ಯನನ್ನು ಕಾಯುವ ಜೀವಿ ಎಂಬುದು ಅರ್ಧ ಮಾತು. ಬ್ಯಾಕ್ಟೀರಿಯಾದ ಕೈಗೆ ಆಯುಧ ಕೊಡುವ ಫೇಜ್‌ಗಳೂ ಇವೆ.

ಮೊದಲ ಸುಳಿವು ಭಾರತದ ನದಿಗಳಲ್ಲಿ

ಫೇಜ್‌ಗಳ ಚರಿತ್ರೆಯಲ್ಲಿ ಭಾರತ ಆರಂಭದಿಂದಲೂ ಇದೆ. ಆಗ್ರಾದಲ್ಲಿ ಸರಕಾರಿ ಪ್ರಯೋಗಾಲಯ ನಡೆಸುತ್ತಿದ್ದ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ, ಗಂಗೆ-ಯಮುನೆಯರ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ, ನೀರನ್ನು ಕುದಿಸಿದರೆ ಆ ಶಕ್ತಿ ಹೋಗುತ್ತದೆ ಎಂದು ಬರೆದರು. ಆ ಶಕ್ತಿ ಏನೆಂದು ಅವರಿಗೆ ಗೊತ್ತಾಗಲಿಲ್ಲ. ಅದು ಫೇಜ್‌ಗಳದ್ದೇ ಇರಬೇಕೆಂದು ಮುಂದಿನವರು ಊಹಿಸಿದರು. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ದೆರೆಲ್ ಫೇಜ್‌ಗಳನ್ನು ಪ್ರತ್ಯೇಕವಾಗಿ ಕಂಡರು. ದೆರೆಲ್ 1920ರ ದಶಕದಲ್ಲಿ ಭಾರತಕ್ಕೆ ಬಂದು ಪಂಜಾಬಿನಲ್ಲಿ ಕಾಲರಾ ರೋಗಿಗಳ ಮೇಲೆ ಫೇಜ್ ಪ್ರಯೋಗಿಸಿದರು. ಪಾಟ್ನಾ ಮತ್ತು ಅಸ್ಸಾಮಿನಲ್ಲಿಯೂ ಈ ಪ್ರಯೋಗಗಳು ಮುಂದುವರಿದವು. ಪೆನಿಸಿಲಿನ್ ಮತ್ತು ಅದರ ನಂತರ ಬಂದ ಔಷಧಿಗಳು ಸಿಗತೊಡಗಿದ ಮೇಲೆ ಹೆಚ್ಚಿನ ದೇಶಗಳು ಫೇಜ್ ಚಿಕಿತ್ಸೆಯನ್ನು ಬಿಟ್ಟವು. ಜಾರ್ಜಿಯಾ ದೇಶದ ತ್ಬಿಲಿಸಿಯಲ್ಲಿ ಜಾರ್ಜ್ ಎಲಿಯಾವ 1923ರಲ್ಲಿ ಕಟ್ಟಿದ ಸಂಸ್ಥೆ ಅದನ್ನು ಕೈಬಿಡಲಿಲ್ಲ.

ಆ ಕಾಲದ ಹೆಚ್ಚಿನ ಕೆಲಸ ಕಾಲರಾ, ಆಮಶಂಕೆಯಂಥ ಕರುಳಿನ ರೋಗಗಳ ಸುತ್ತ ಇತ್ತು. ಬಾಯಿಯ ಸರದಿ ದೊಡ್ಡ ಪ್ರಮಾಣದಲ್ಲಿ ಬರಲು ಡಿಎನ್‌ಎಯನ್ನು ಅಗ್ಗದಲ್ಲಿ ಓದುವ ಯಂತ್ರಗಳು ಬರಬೇಕಾಯಿತು.

ಒಂದು ಹನಿ ಜೊಲ್ಲಿನಲ್ಲಿ

ಮನುಷ್ಯನ ಬಾಯಲ್ಲಿ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. ಒಬ್ಬರ ಬಾಯಲ್ಲಿ ಎಲ್ಲವೂ ಇರುವುದಿಲ್ಲ. ನಾಲಿಗೆಯ ಮೇಲಿನವು ಬೇರೆ, ಕೆನ್ನೆಯ ಒಳಮೈಯವು ಬೇರೆ, ವಸಡಿನ ಸಂದಿಯಲ್ಲಿ ಗಾಳಿ ತಾಗದೆ ಬದುಕುವವು ಬೇರೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರು ಜೊಲ್ಲು ಬಾಯಲ್ಲಿ ಊರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಡೇವಿಡ್ ಪ್ರೈಡ್ ಮತ್ತು ಸಂಗಡಿಗರು ಆರೋಗ್ಯವಂತರ ಜೊಲ್ಲನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದರ ಒಂದು ಮಿಲಿಲೀಟರಿನಲ್ಲಿ ಸುಮಾರು 10 ಕೋಟಿ ವೈರಸ್ ಕಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ನೆಗಡಿ ತರುವ ಜಾತಿಯವಲ್ಲ, ಬ್ಯಾಕ್ಟೀರಿಯಾಗಳಿಗೆ ತಗುಲುವ ಫೇಜ್‌ಗಳು.

ಈ ಗುಂಪು ಬಂದುಹೋಗುವ ಅತಿಥಿಗಳದ್ದಲ್ಲ. ಅದೇ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ದಿನಗಳ ಅವಧಿಯಲ್ಲಿ ಮತ್ತೆ ಮತ್ತೆ ಮಾದರಿ ತೆಗೆದಾಗ, ಒಬ್ಬೊಬ್ಬರ ಬಾಯಲ್ಲೂ ಅವರದೇ ಆದ ಫೇಜ್‌ಗಳು ಉಳಿದುಕೊಂಡಿದ್ದವು. ಒಂದೇ ಮನೆಯಲ್ಲಿ ಬಾಳುವವರ ಫೇಜ್‌ಗಳಲ್ಲಿ ಹೋಲಿಕೆ ಹೆಚ್ಚು ಎಂಬುದನ್ನು ಆ ತಂಡ 2013ರಲ್ಲಿ ತೋರಿಸಿತ್ತು. ಒಂದೇ ಲೋಟ, ಒಂದೇ ತಟ್ಟೆ, ಒಂದೇ ಗಾಳಿ ಹಂಚಿಕೊಳ್ಳುವವರು ಬ್ಯಾಕ್ಟೀರಿಯಾಗಳ ಜೊತೆಗೆ ಅವುಗಳ ವೈರಸ್ಸನ್ನೂ ಹಂಚಿಕೊಳ್ಳುತ್ತಾರೆ. ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಕೂಡಿ ಬಾಳುವ ಮನೆಗಳಲ್ಲಿ ಇದನ್ನು ನೋಡಬೇಕು ಎಂಬ ಆಸೆ ಹುಟ್ಟುವುದು ಇಲ್ಲಿಯೇ. ಪುಣೆಯ ಯೋಗೇಶ್ ಶೌಚೆ ಮತ್ತು ಸಂಗಡಿಗರು ಅವಿಭಕ್ತ ಕುಟುಂಬಗಳ ಬಾಯಿ, ಕರುಳು, ಚರ್ಮದ ಬ್ಯಾಕ್ಟೀರಿಯಾಗಳನ್ನು ಓದಿ 2020ರಲ್ಲಿ ಪ್ರಕಟಿಸಿದ್ದಾರೆ. ಬ್ಯಾಕ್ಟೀರಿಯಾಗಳ ಓದು ಆದಲ್ಲಿ ಅವುಗಳ ವೈರಸ್ಸುಗಳ ಓದೂ ಆಗಬಲ್ಲದು.

ಫೇಜ್‌ಗಳು ಬಾಯಲ್ಲಿ ಎಲ್ಲೆಂದರಲ್ಲಿ ತೇಲುವುದಿಲ್ಲ. 2013ರಲ್ಲಿ ಜೆರೆಮಿ ಬಾರ್, ಫಾರೆಸ್ಟ್ ರೋವರ್ ಮತ್ತಿತರರು ಲೋಳೆಪೊರೆಗಳ ಮೇಲೆ ಒಂದು ಮುಖ್ಯ ಸಂಗತಿ ಕಂಡರು. ಹವಳದಿಂದ ಹಿಡಿದು ಮನುಷ್ಯನ ವಸಡಿನವರೆಗೆ ಎಲ್ಲೆಲ್ಲಿ ಲೋಳೆ ಇದೆಯೋ ಅಲ್ಲೆಲ್ಲ, ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಫೇಜ್‌ಗಳ ಪ್ರಮಾಣ ಸುತ್ತಲಿನ ಪರಿಸರಕ್ಕಿಂತ ಸರಾಸರಿ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಕೆಲವು ಫೇಜ್‌ಗಳ ತಲೆಯ ಮೇಲಿನ ಪ್ರೋಟೀನು ಲೋಳೆಯ ಸಕ್ಕರೆ ಸರಪಳಿಗಳಿಗೆ ಅಂಟುತ್ತದೆ. ಹಾಗೆ ಅಂಟಿದ ಫೇಜ್‌ಗಳು ಒಳನುಗ್ಗುವ ಬ್ಯಾಕ್ಟೀರಿಯಾಗಳನ್ನು ಅಲ್ಲಿಯೇ ಒಡೆಯುತ್ತವೆ. ದೇಹ ತಾನೇ ತಯಾರಿಸದ ಒಂದು ರಕ್ಷಣೆ ಹೀಗೆ ವಸಡಿನ ಮೇಲೆ ಇದೆ ಎಂಬುದು ಅವರ ವಾದ.

ಬೆಲ್ಲದ ಸೀಮೆಯ ಹಲ್ಲು

ಘಟಪ್ರಭೆ ಮತ್ತು ಕೃಷ್ಣೆಯ ನಡುವಿನ ಬನಹಟ್ಟಿ-ರಬಕವಿಯ ಈ ಸೀಮೆ ಕಬ್ಬಿನದು. ಮಹಾಲಿಂಗಪುರದ ಬೆಲ್ಲದ ಪೇಟೆ, ಸಮೀರವಾಡಿಯ ಸಕ್ಕರೆ ಕಾರಖಾನೆ, ಹೊಲಗಳ ನಡುವಿನ ಗಾಣಗಳು ಎಲ್ಲರಿಗೂ ಗೊತ್ತು. ಕಬ್ಬಿನ ಸಿಹಿ ಎಂದರೆ ಸುಕ್ರೋಸ್. ಬೆಲ್ಲದಲ್ಲಿಯೂ ಬಹುಪಾಲು ಅದೇ. ಬೆಲ್ಲ ತಿಂದರೆ ಹಲ್ಲಿಗೇನೂ ಆಗದು ಎಂಬ ನಂಬಿಕೆಗೆ ಆಧಾರವಿಲ್ಲ.

1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಸುಕ್ರೋಸನ್ನು ಎರಡು ಕೆಲಸಕ್ಕೆ ಬಳಸುತ್ತದೆ. ಒಂದು ಪಾಲಿನಿಂದ ಅಂಟಿನಂಥ ಸರಪಳಿಗಳನ್ನು ಕಟ್ಟಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಪಾಲನ್ನು ಆಮ್ಲವಾಗಿಸುತ್ತದೆ. ಹಲ್ಲಿನ ಮೇಲಿನ ಆಮ್ಲತೆಯ ಅಳತೆ, ಅಂದರೆ ಪಿಎಚ್, ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರ ಕರಗತೊಡಗುತ್ತದೆ. ಊಟದ ಜೊತೆ ಒಮ್ಮೆ ಸಿಹಿ ತಿಂದರೆ ಜೊಲ್ಲು ಅದನ್ನು ಸರಿದೂಗಿಸುತ್ತದೆ. ತಾಸಿಗೊಮ್ಮೆ ಸಕ್ಕರೆ ಚಹಾ ಕುಡಿಯುವವರ ಬಾಯಲ್ಲಿ ಜೊಲ್ಲಿಗೆ ಆ ಬಿಡುವು ಸಿಗದು.

ಮ್ಯೂಟನ್ಸನ್ನು ಕೊಲ್ಲುವ ಫೇಜ್ ಸಿಕ್ಕರೆ? ಈ ಪ್ರಶ್ನೆ ಹಿಡಿದು ಹೋದವರಿಗೆ ಸಿಕ್ಕ ಫೇಜ್‌ಗಳು ಬೆರಳೆಣಿಕೆಯವು. 1990ರ ದಶಕದ ಆರಂಭದಲ್ಲಿ ವರದಿಯಾದ ಎಂ102, ಅದರ ಹತ್ತಿರದ ಎಂ102ಎಡಿ, ಐರ್ಲೆಂಡಿನ ವಿಜ್ಞಾನಿಗಳು ಜೊಲ್ಲಿನಿಂದ ಬೇರ್ಪಡಿಸಿ 2015ರಲ್ಲಿ ವರದಿ ಮಾಡಿದ ಎಪಿಸಿಎಂ01, ಇವು ಮುಖ್ಯವಾದವು. ಇವು ಮ್ಯೂಟನ್ಸ್‌ನ ಕೆಲವೇ ತಳಿಗಳನ್ನು ಹಿಡಿಯುತ್ತವೆ.

ಇಷ್ಟು ಕಡಿಮೆ ಏಕೆ ಎಂಬುದಕ್ಕೆ ಮ್ಯೂಟನ್ಸ್‌ನ ಡಿಎನ್‌ಎಯಲ್ಲೇ ಒಂದು ಸುಳಿವಿದೆ. ಹಲವು ಬ್ಯಾಕ್ಟೀರಿಯಾಗಳಿಗೆ ಕ್ರಿಸ್ಪರ್ ಎಂಬ ರಕ್ಷಣಾ ವ್ಯವಸ್ಥೆ ಇದೆ. ದಾಳಿ ಮಾಡಿದ ಫೇಜ್‌ನ ಡಿಎನ್‌ಎ ತುಣುಕೊಂದನ್ನು ಬ್ಯಾಕ್ಟೀರಿಯಾ ತನ್ನಲ್ಲಿ ಇಟ್ಟುಕೊಂಡು, ಅದೇ ಫೇಜ್ ಮತ್ತೆ ಬಂದರೆ ಗುರುತಿಸಿ ಕತ್ತರಿಸುತ್ತದೆ. ಇದು ಹೀಗೆ ಕೆಲಸ ಮಾಡುತ್ತದೆಂದು 2007ರಲ್ಲಿ ಪ್ರಯೋಗದಿಂದ ತೋರಿಸಿದ್ದು ಮೊಸರು ಹೆಪ್ಪುಗಟ್ಟಿಸಲು ಕಾರಖಾನೆಗಳು ಬಳಸುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನಲ್ಲಿ. ಅದರ ಬಾಯಿಯ ನಂಟ ಮ್ಯೂಟನ್ಸ್‌ನಲ್ಲಿ ನೋಡಿದಾಗ, ಎಂ102 ಜಾತಿಯ ಫೇಜ್‌ಗಳ ತುಣುಕುಗಳು ಹೇರಳವಾಗಿ ಸಿಕ್ಕವು ಎಂದು ಯಾನ್ ರೂಲೋಫ್ ವಾನ್ ಡೆರ್ ಪ್ಲೂಖ್ 2009ರಲ್ಲಿ ವರದಿ ಮಾಡಿದರು. ಬಾಯಲ್ಲಿ ಫೇಜ್‌ಗೂ ಬ್ಯಾಕ್ಟೀರಿಯಾಕ್ಕೂ ದೀರ್ಘ ಕಾಲದಿಂದ ಕಾಳಗ ನಡೆದಿದೆ. ಇಂದಿನ ಮ್ಯೂಟನ್ಸ್ ಆ ಕಾಳಗದಲ್ಲಿ ಉಳಿದು ಬಂದದ್ದು. ಹುಳುಕಿಗೆ ಫೇಜ್ ಮದ್ದು ತಯಾರಿಸಬೇಕೆನ್ನುವವರು ಈ ರಕ್ಷಣೆಯನ್ನೂ, ಹಲ್ಲಿನ ಪಾಚಿಯ ಅಂಟಿನ ಪದರವನ್ನೂ ದಾಟಬೇಕು.

ವಸಡು, ಹೃದಯ ಮತ್ತು ರೂಟ್ ಕೆನಾಲ್

ವಸಡಿನ ರೋಗದಲ್ಲಿ ಫೇಜ್‌ನ ಪಾತ್ರ ಹೆಚ್ಚು ಗೋಜಲಿನದು. ನಾರ್ವೆಯ ಹಾನ್ಸ್ ಪ್ರೆಯುಸ್ ಮತ್ತು ಸಂಗಡಿಗರು 1987ರಲ್ಲಿ, ಹಲ್ಲಿನ ಸುತ್ತಲ ಎಲುಬು ವೇಗವಾಗಿ ಸವೆಯುವ ರೋಗಿಗಳಲ್ಲಿ ಒಂದು ಬ್ಯಾಕ್ಟೀರಿಯಾದ ಫೇಜ್ ಹೊತ್ತ ತಳಿಗಳು ಕಾಣುತ್ತವೆ ಎಂದು ತಿಳಿಸಿದರು. ಅಗ್ರೆಗಾಟಿಬ್ಯಾಕ್ಟರ್ ಎಂದು ಇಂದು ಕರೆಯುವ ಬ್ಯಾಕ್ಟೀರಿಯಾ ಅದು. ಪ್ರೈಡ್ ಅವರ ತಂಡ 2014ರಲ್ಲಿ ಆರೋಗ್ಯವಂತ ಮತ್ತು ರೋಗಪೀಡಿತ ವಸಡುಗಳನ್ನು ಹೋಲಿಸಿದಾಗ, ಹಲ್ಲಿನ ಪಾಚಿಯಲ್ಲಿದ್ದ ವೈರಸ್ ಸಮುದಾಯ ಎರಡರಲ್ಲೂ ಬೇರೆ ಬೇರೆಯಾಗಿತ್ತು. ವಸಡಿನ ರೋಗದ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಪಾರ್ಫಿರೋಮೋನಾಸ್ ಜಿಂಜಿವಾಲಿಸ್‌ಗೆ ಫೇಜ್‌ಗಳೇ ಇಲ್ಲವೇನೋ ಎಂದು ಬಹುಕಾಲ ತಿಳಿದಿದ್ದರು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಕೋಲ್ ಮ್ಯಾಟ್ರಿಶಿನ್, ಕ್ಯಾಥರಿನ್ ಕಾಫ್‌ಮನ್ ಮತ್ತಿತರರು 2023ರಲ್ಲಿ ಅದರ ಡಿಎನ್‌ಎಯಲ್ಲೇ ಅಡಗಿದ್ದ ಹಲವು ಪ್ರೊಫೇಜ್‌ಗಳನ್ನು ತೋರಿಸಿದರು.

ಫೇಜ್ ಬದಲಾದದ್ದರಿಂದ ರೋಗ ಬಂತೋ, ರೋಗ ಬಂದು ಬ್ಯಾಕ್ಟೀರಿಯಾ ಬದಲಾದದ್ದರಿಂದ ಫೇಜ್ ಬದಲಾಯಿತೋ? ಒಂದೇ ದಿನ ತೆಗೆದ ಮಾದರಿ ಇದಕ್ಕೆ ಉತ್ತರ ಕೊಡಲಾರದು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು.

ಹೃದಯದ ಕಡೆಗೆ ಹೋಗುವ ಒಂದು ದಾರಿ ಇದಕ್ಕಿಂತ ಸ್ಪಷ್ಟವಾಗಿದೆ. ಬಾಯಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾಗಿರುವ ಸ್ಟ್ರೆಪ್ಟೋಕಾಕಸ್ ಮೈಟಿಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದರೆ ಹೃದಯದ ಕವಾಟದ ಮೇಲೆ ಸೋಂಕು ಹುಟ್ಟಿಸಬಲ್ಲದು. ಸ್ಯಾನ್ ಫ್ರಾನ್ಸಿಸ್ಕೊದ ಪಾಲ್ ಸುಲ್ಲಂ ಮತ್ತು ಬಾರ್ಬರಾ ಬೆನ್ಸಿಂಗ್ 2001ರಲ್ಲಿ, ಈ ಬ್ಯಾಕ್ಟೀರಿಯಾ ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅಂಟಲು ಬಳಸುವ ಎರಡು ಪ್ರೋಟೀನುಗಳು ಎಸ್‌ಎಂ1 ಎಂಬ ಪ್ರೊಫೇಜ್‌ನ ವಂಶವಾಹಿಗಳಿಂದ ಬಂದವು ಎಂದು ತೋರಿಸಿದರು. ಫೇಜ್‌ನ ಬಾಲದ ಭಾಗಗಳು ಬ್ಯಾಕ್ಟೀರಿಯಾದ ಮೈಮೇಲೆ ಕೂತು ಅಂಟುವ ಕೆಲಸ ಮಾಡುತ್ತಿದ್ದವು. 2011ರಲ್ಲಿ ಡಾನಾ ವಿಲ್ನರ್ ಮತ್ತಿತರರು ಆರೋಗ್ಯವಂತರ ಗಂಟಲಿನ ಮಾದರಿಗಳಲ್ಲಿಯೂ ಅದೇ ವಂಶವಾಹಿಗಳನ್ನು ಕಂಡರು. ಆಯುಧ ರೋಗಿಯ ಬಾಯಲ್ಲಷ್ಟೇ ಇರುವುದಿಲ್ಲ. ಆದ್ದರಿಂದ ಸಂಧಿವಾತದ ಜ್ವರದಿಂದ ಕವಾಟ ಹಾಳಾದವರು, ಕವಾಟ ಬದಲಿಸಿಕೊಂಡವರು ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ಆ ವಿಷಯ ಹೇಳಲೇಬೇಕು.

ಚಿಕಿತ್ಸೆಯ ಕಡೆಯಿಂದ ಭರವಸೆಯ ಸುದ್ದಿಗಳೂ ಇವೆ. ರೂಟ್ ಕೆನಾಲ್ ಮಾಡಿದ ಹಲ್ಲು ಮತ್ತೆ ಕೀವುಗಟ್ಟುವಾಗ ಹಲವು ಬಾರಿ ಸಿಗುವ ಬ್ಯಾಕ್ಟೀರಿಯಾ ಎಂಟೆರೋಕಾಕಸ್ ಫೀಕಾಲಿಸ್. ಅದನ್ನು ಕೊಲ್ಲುವ ಇಎಫ್‌ಡಿಜಿ1 ಎಂಬ ಫೇಜನ್ನು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರೋನೆನ್ ಹಜನ್ ಅವರ ತಂಡ ಚರಂಡಿ ನೀರಿನಿಂದ ಬೇರ್ಪಡಿಸಿ 2015ರಲ್ಲಿ ವರದಿ ಮಾಡಿತು. ಕಿತ್ತ ಹಲ್ಲುಗಳ ಬೇರಿನ ನಾಳದಲ್ಲಿ ಪ್ರಯೋಗಿಸಿದಾಗ ಅದು ಸೋಂಕನ್ನು ತಗ್ಗಿಸಿತು. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದವರು ದಂತವೈದ್ಯರ ಬಳಿ ಬಂದವರು ಬಾಯಿ ಮುಕ್ಕಳಿಸಿ ಉಗಿದ ನೀರಿನಿಂದ ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ವಿರುದ್ಧದ ಫೇಜನ್ನು 2019ರಲ್ಲಿ ಪಡೆದರು. ವಸಡಿನ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳನ್ನು ಒಂದಕ್ಕೊಂದು ಬೆಸೆಯುವುದು ಈ ಫ್ಯೂಸೋಬ್ಯಾಕ್ಟೀರಿಯಂ. ದೊಡ್ಡ ಕರುಳಿನ ಕ್ಯಾನ್ಸರಿನ ಗಡ್ಡೆಗಳಲ್ಲಿಯೂ ಅದು ಸಿಕ್ಕಿದೆ. ಇವೆಲ್ಲ ಪ್ರಯೋಗಾಲಯದ ಫಲಿತಾಂಶಗಳು. ಹುಳುಕಿಗೋ ವಸಡಿನ ರೋಗಕ್ಕೋ ಫೇಜ್ ಔಷಧಿ ಎಂದು ಯಾರಾದರೂ ಬಾಟಲಿ ಮಾರಲು ಬಂದರೆ ಕೊಳ್ಳುವ ಮುಂಚೆ ದಂತವೈದ್ಯರನ್ನು ಕೇಳಬೇಕು.

ಕಾಣದ್ದನ್ನು ಎಣಿಸುವುದು

ಬಾಯಿಯ ಫೇಜ್‌ಗಳನ್ನು ಓದುವ ಕೆಲಸ ಬರಡು ನಳಿಕೆಯಲ್ಲಿ ಹಿಡಿದ ಜೊಲ್ಲಿನಿಂದ ಶುರುವಾಗುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತಂದು, ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ರಂಧ್ರಗಳ ಜರಡಿಯಲ್ಲಿ ಸೋಸುತ್ತಾರೆ. ಕೆಳಗಿಳಿಯುವುದು ವೈರಸ್ ಕಣಗಳು. ಹೊರಗೆ ತೇಲುವ ಮನುಷ್ಯನ ಮತ್ತು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಕಿಣ್ವದಿಂದ ಕರಗಿಸಿ, ಕಣಗಳ ತಲೆಯೊಳಗಿರುವ ಡಿಎನ್‌ಎಯನ್ನಷ್ಟೇ ತೆಗೆದು ಓದುತ್ತಾರೆ. ಓದಿದ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದಾಗ, ಅವುಗಳಲ್ಲಿ ದೊಡ್ಡ ಪಾಲು ಈವರೆಗೆ ಹೆಸರಿಟ್ಟ ಯಾವ ವೈರಸ್ಸಿಗೂ ಹೊಂದುವುದಿಲ್ಲ.

ಇನ್ನೊಂದು ವಿಧಾನ ನೂರು ವರ್ಷ ಹಳೆಯದು, ಇಂದಿಗೂ ನಂಬಿಕೆಯದು. ಗಾಜಿನ ತಟ್ಟೆಯ ಮೇಲೆ ಒಂದೇ ಜಾತಿಯ ಬ್ಯಾಕ್ಟೀರಿಯಾವನ್ನು ತೆಳುವಾಗಿ ಹರಡಿ ಬೆಳೆಸಿ, ಮೇಲೆ ಸೋಸಿದ ಜೊಲ್ಲನ್ನು ಹಾಕುತ್ತಾರೆ. ಫೇಜ್ ಬ್ಯಾಕ್ಟೀರಿಯಾವನ್ನು ಒಡೆದ ಜಾಗದಲ್ಲಿ ತಿಳಿಯಾದ ಚುಕ್ಕೆ ಬೀಳುತ್ತದೆ. ಆದರೆ ಬಾಯಿಯ ಅನೇಕ ಬ್ಯಾಕ್ಟೀರಿಯಾಗಳು ಆಮ್ಲಜನಕ ತಾಗಿದರೆ ಸಾಯುತ್ತವೆ, ಕೆಲವನ್ನು ತಟ್ಟೆಯಲ್ಲಿ ಬೆಳೆಸುವುದೇ ಇನ್ನೂ ಸಾಧ್ಯವಾಗಿಲ್ಲ. ಬೆಳೆಯದ ಬ್ಯಾಕ್ಟೀರಿಯಾದ ಫೇಜ್ ಚುಕ್ಕೆ ಮೂಡಿಸಲಾರದು. ಆದ್ದರಿಂದ ಎರಡೂ ವಿಧಾನಗಳು ಜೊತೆಯಲ್ಲಿ ನಡೆಯಬೇಕು.

ಕರ್ನಾಟಕದಲ್ಲಿ ಆದ ಕೆಲಸ

ಈ ವಿದ್ಯೆಗೆ ಕರ್ನಾಟಕ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಂದರ್ ರಾಜ್ ಮತ್ತು ಟಿ. ರಾಮಕೃಷ್ಣನ್ ಅವರು ಕ್ಷಯದ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿಗೆ ತಗುಲುವ ಐ3 ಎಂಬ ಫೇಜನ್ನು 1970ರಲ್ಲಿ ವರದಿ ಮಾಡಿದರು; ಕೆ.ಪಿ. ಗೋಪಿನಾಥನ್ ಅವರ ತಂಡ ಮುಂದೆ ಅದರ ವಂಶವಾಹಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿತು. ಅದೇ ಸಂಸ್ಥೆಯ ವಿ. ನಾಗರಾಜ ಅವರು ಮ್ಯೂ ಎಂಬ ಫೇಜ್ ತನ್ನ ಡಿಎನ್‌ಎಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಬ್ಯಾಕ್ಟೀರಿಯಾದ ಕತ್ತರಿಸುವ ಕಿಣ್ವಗಳಿಂದ ತಪ್ಪಿಸಿಕೊಳ್ಳುವ ಬಗೆಯ ಮೇಲೆ ದೀರ್ಘ ಕೆಲಸ ಮಾಡಿದ್ದಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯಾ ಕರುಣಾಸಾಗರ್ ಅವರ ತಂಡ ಸಿಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೋ ಬ್ಯಾಕ್ಟೀರಿಯಾದ ವಿರುದ್ಧ ಫೇಜ್‌ಗಳನ್ನು ಮರಿಕೇಂದ್ರಗಳಲ್ಲೇ ಬಳಸಿ ನೋಡಿ, ಮರಿಗಳು ಚೆನ್ನಾಗಿ ಉಳಿದದ್ದನ್ನು 2007ರಲ್ಲಿ ಪ್ರಕಟಿಸಿತು.

ಬೆಂಗಳೂರಿನಲ್ಲಿ ಜೆ. ರಾಮಚಂದ್ರನ್ 2000ದಲ್ಲಿ ಕಟ್ಟಿದ ಗಂಗಾಜೆನ್ ಕಂಪನಿ ಬೇರೆ ದಾರಿ ಹಿಡಿಯಿತು. ಇಡೀ ಫೇಜ್‌ನ ಬದಲು, ಬ್ಯಾಕ್ಟೀರಿಯಾದ ಕವಚವನ್ನು ಕೊರೆಯುವ ಅದರ ಪ್ರೋಟೀನನ್ನಷ್ಟೇ ತೆಗೆದುಕೊಂಡಿತು. ಕೆ ಎಂಬ ಫೇಜ್‌ನ ಬಾಲದ ಕೊರೆಯುವ ಭಾಗಕ್ಕೆ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುವ ಇನ್ನೊಂದು ಭಾಗ ಜೋಡಿಸಿ ಪಿ128 ಎಂಬ ಪ್ರೋಟೀನನ್ನು ಮಾಡಿತು. ಔಷಧಿಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಮೂಗಿನಲ್ಲಿ ನೆಲೆ ನಿಲ್ಲುವುದನ್ನು ತಡೆಯುವುದು ಅದರ ಮೊದಲ ಗುರಿಗಳಲ್ಲಿ ಒಂದಾಗಿತ್ತು. ಮೂಗಿಗೆ ಯೋಚಿಸಿದ್ದನ್ನು ಬಾಯಿಗೂ ಯೋಚಿಸಬಹುದು: ವಂಶವಾಹಿ ಹೊತ್ತ ಇಡೀ ವೈರಸ್ಸನ್ನು ಬಾಯಿಗೆ ಬಿಡದೆ ಅದರ ಪ್ರೋಟೀನನ್ನಷ್ಟೇ ಬಳಸಿದರೆ, ಬ್ಯಾಕ್ಟೀರಿಯಾಕ್ಕೆ ಹೊಸ ಆಯುಧ ತಲುಪುವ ಭಯವಿರುವುದಿಲ್ಲ.

ಬನಹಟ್ಟಿಯ ಬಾಯಿಗಳಿಂದ ಏನು ತಿಳಿಯಬೇಕು

ಬಾಯಿಯ ಫೇಜ್‌ಗಳ ಬಗ್ಗೆ ಮೇಲೆ ಹೇಳಿದ ಪ್ರಮುಖ ಅಧ್ಯಯನಗಳು ಹೊರದೇಶಗಳಲ್ಲಿ ಆದವು. ಆ ಬಾಯಿಗಳು ಎಲೆ-ಅಡಿಕೆ ಮೆಲ್ಲಲಿಲ್ಲ, ತಂಬಾಕು-ಸುಣ್ಣ ತಿಕ್ಕಿ ತುಟಿಯ ಒಳಗಿಡಲಿಲ್ಲ, ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ಉಜ್ಜಲಿಲ್ಲ, ಜೋಳದ ರೊಟ್ಟಿ ಉಣ್ಣಲಿಲ್ಲ. ಫೇಜ್‌ಗಳು ಮನೆಮನೆಗೂ ಬೇರೆ ಎಂದ ಮೇಲೆ ಸ್ಯಾನ್ ಡಿಯೇಗೊದ ಲೆಕ್ಕವನ್ನು ಹಾಗೆಯೇ ಬನಹಟ್ಟಿಗೆ ತರಲಾಗದು.

ತಂಬಾಕಿನ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ತಂಬಾಕು ಬಾಯಿ ಕ್ಯಾನ್ಸರಿಗೆ ಕಾರಣ ಎಂಬುದು ಸ್ಥಿರಪಟ್ಟಿದೆ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಫೇಜ್ ವಿಷಯದಲ್ಲಿ ಒಂದು ಸೂಚನೆ 2000ದಲ್ಲಿ ಅಮೆರಿಕದ ಪಾವ್ಲೋವಾ ಮತ್ತು ಟಾವ್ ಅವರಿಂದ ಬಂತು. ಬೀಡಿ-ಸಿಗರೇಟಿನ ಹೊಗೆಯಲ್ಲಿರುವ ಬೆಂಜೋಪೈರೀನ್ ದೇಹದಲ್ಲಿ ಮಾರ್ಪಟ್ಟ ರೂಪ, ಸ್ತ್ರೀಯರ ಜನನಾಂಗವನ್ನು ಕಾಯುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳಲ್ಲಿ ಅಡಗಿದ್ದ ಫೇಜ್‌ಗಳನ್ನು ಎಬ್ಬಿಸಿ ಆ ಬ್ಯಾಕ್ಟೀರಿಯಾಗಳನ್ನೇ ಒಡೆಯಿತು. ತಾಸುಗಟ್ಟಲೆ ತಂಬಾಕಿನ ರಸದಲ್ಲಿ ನೆನೆಯುವ ವಸಡಿನ ಬ್ಯಾಕ್ಟೀರಿಯಾಗಳಲ್ಲಿ ಅಡಗಿರುವ ಪ್ರೊಫೇಜ್‌ಗಳಿಗೆ ಏನಾಗುತ್ತದೆ? ಒಳ್ಳೆಯ ಬ್ಯಾಕ್ಟೀರಿಯಾಗಳು ಒಡೆದು ಕೆಟ್ಟವಕ್ಕೆ ಜಾಗವಾಗುತ್ತದೆಯೇ? ಬಿಡುಗಡೆಯಾದ ಫೇಜ್‌ಗಳು ಅಂಟುವ ಪ್ರೋಟೀನಿನ, ವಿಷದ ವಂಶವಾಹಿಗಳನ್ನು ಇತರ ಬ್ಯಾಕ್ಟೀರಿಯಾಗಳಿಗೆ ಮುಟ್ಟಿಸುತ್ತವೆಯೇ? ಮಗ್ಗದ ಮುಂದೆ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ದಿನ ಕಳೆಯುವ ರೂಢಿ ಇರುವ ಈ ನೇಕಾರರ ಊರಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು.

ಕೇಳಬಲ್ಲವರು ದೂರವಿಲ್ಲ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯ ಇದೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ದಂತ ಕಾಲೇಜು, ಧಾರವಾಡದಲ್ಲಿ ಎಸ್‌ಡಿಎಂ ದಂತ ಕಾಲೇಜು ಇವೆ. ಗಂಟಲಮಾರಿಯ ಬ್ಯಾಕ್ಟೀರಿಯಾಗಳನ್ನು ಅಭ್ಯಸಿಸಿದ ಅನುಭವ ಮೊದಲು ಹೇಳಿದ ಬೆಳಗಾವಿಯ ಕೇಂದ್ರಕ್ಕಿದೆ. ಡಿಎನ್‌ಎ ಓದುವ ಯಂತ್ರಗಳೂ ಫೇಜ್ ಬಲ್ಲವರೂ ಬೆಂಗಳೂರಿನಲ್ಲಿದ್ದಾರೆ. ದಂತವೈದ್ಯರು, ಸೂಕ್ಷ್ಮಜೀವಿ ತಜ್ಞರು, ಲೆಕ್ಕ ಬಲ್ಲವರು ಒಂದೇ ಯೋಜನೆಯಲ್ಲಿ ಸೇರಿದರೆ ನೇಕಾರರ ಓಣಿಗಳ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಜೊಲ್ಲು ಮತ್ತು ಪಾಚಿಯ ಮಾದರಿ ತೆಗೆದು, ಆರಾರು ತಿಂಗಳಿಗೊಮ್ಮೆ ಮರಳಿ ನೋಡಬಹುದು. ತಂಬಾಕು ಇಡುವವರು, ಬಿಟ್ಟವರು, ಎಂದೂ ಮುಟ್ಟದವರು. ಸಕ್ಕರೆ ಕಾಯಿಲೆ ಇರುವವರು, ಇಲ್ಲದವರು. ಬೇವಿನ ಕಡ್ಡಿ ಬಳಸುವವರು, ಬ್ರಶ್ ಬಳಸುವವರು, ಇಷ್ಟು ಗುಂಪುಗಳ ಹೋಲಿಕೆ ಸಿಕ್ಕರೂ ಬಾಯಿಯ ಫೇಜ್‌ಗಳ ಬಗ್ಗೆ ಜಗತ್ತಿಗೆ ಈಗ ತಿಳಿಯದ ಹಲವು ಸಂಗತಿಗಳು ತಿಳಿಯುತ್ತವೆ.

ಅಲ್ಲಿಯವರೆಗೆ ಮಾಡಬೇಕಾದ್ದು ಗೊತ್ತಿರುವುದೇ: ದಿನಕ್ಕೆ ಎರಡು ಸಲ ಹಲ್ಲುಜ್ಜುವುದು, ತಿಂಡಿಯ ನಡುನಡುವೆ ಸಿಹಿ ತಗ್ಗಿಸುವುದು, ತಂಬಾಕು ಬಿಡುವುದು, ವಸಡಿನಿಂದ ರಕ್ತ ಬಂದರೆ ದವಾಖಾನೆಗೆ ಹೋಗುವುದು, ಮಕ್ಕಳ ಲಸಿಕೆ ಕಾರ್ಡಿನಲ್ಲಿ 5, 10 ಮತ್ತು 16ನೇ ವರ್ಷದ ಸಾಲುಗಳು ತುಂಬಿವೆಯೇ ಎಂದು ನೋಡುವುದು.

ಅಧ್ಯಯನ ಶುರುವಾದರೆ ಅದಕ್ಕೆ ಮೂರು ಕರಾರು ಇರಬೇಕು. ಜೊಲ್ಲು ಕೊಡುವ ನೇಕಾರರ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕು. ಅವರ ಹಲ್ಲು-ವಸಡಿನ ತಪಾಸಣೆಯನ್ನು ಉಚಿತವಾಗಿ ಮಾಡಬೇಕು. ಸಿಕ್ಕ ಫಲಿತಾಂಶವನ್ನು, ಇಂಗ್ಲಿಷ್ ಪತ್ರಿಕೆಗೆ ಹೋಗುವ ಹೊತ್ತಿಗೇ, ಕನ್ನಡದಲ್ಲಿ ಬರೆದು ಆಯಾ ಓಣಿಯ ಮನೆಗಳಿಗೆ ಮುಟ್ಟಿಸಬೇಕು. ಯೋಜನೆಗೆ ಹಣ ಕೇಳುವ ಅರ್ಜಿಯಲ್ಲೇ ಈ ಮೂರಕ್ಕೂ ಖರ್ಚಿನ ಬಾಬತ್ತು ಹಾಕಿರಬೇಕು.